ದಾಲ್ ಸರೋವರದ ದೋಣಿಯಲ್ಲಿ

ಹರವಿನಲ್ಲಿ ನಮ್ಮ ಹತ್ತರಗಿಯ ಬಳಿಯ ಹಿಡಕಲ್ ಜಲಾಶಯವೇ ದೊಡ್ಡದು. ಆದರೆ ಪರ್ವತಗಳು ಹೀಗೆ ನೀರಿನಲ್ಲಿ ತಲೆಕೆಳಗಾಗಿ ನಿಲ್ಲುವುದನ್ನು ನಾನು ಕಂಡುದು 2025ರ ಶರತ್ಕಾಲದಲ್ಲಿ, ಶ್ರೀನಗರದ ದಾಲ್ ಸರೋವರದಲ್ಲಿ. ದಡದಲ್ಲಿ ಕೆಂಪೇರಿದ ಚಿನಾರ್ ಮರಗಳು. ಅವುಗಳ ಕೆಳಗೆ ಬಂದೂಕು ಹಿಡಿದ ಕಾವಲಿನವರು.

ದೋಣಿಯವನು ನಮ್ಮ ಸೀಮೆ ಯಾವುದೆಂದು ಕೇಳಿದನು. ಕರ್ನಾಟಕವೆಂದೆ. ಹುಟ್ಟು ಹಾಕುತ್ತಿದ್ದ ಕೈ ತಡೆಯಿತು. ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಹತರಾದ 26 ಮಂದಿಯಲ್ಲಿ ಕನ್ನಡಿಗರೂ ಇದ್ದರು. ಪ್ರವಾಸಿಗಳನ್ನು ಉಳಿಸಹೋದ ಅಲ್ಲಿಯ ಕುದುರೆಯಾಳೊಬ್ಬನೂ ಇದ್ದನು. ‘ನಿಮಗೆ ಮುಖ ತೋರಿಸಲು ನಾಚಿಕೆ, ಸಾಹೇಬರೆ’ ಎಂದನು. ಆ ನಾಚಿಕೆ ಅವನು ಹೊರತಕ್ಕದ್ದೆ?

ಈ ನಗರದ ಸಮೀಪದ ಖೋನಮುಖದಲ್ಲಿ ಹುಟ್ಟಿದ ಬಿಲ್ಹಣ ಕವಿಯು 11ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದು, ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾದ ಕಥೆಯನ್ನು ಹರಕು ಹಿಂದಿಯಲ್ಲಿ ಹೇಳಿದೆ. ಕೇಳಿ ನಕ್ಕನು, ಮತ್ತೆ ಖಾಲಿ ಮನೆದೋಣಿಗಳತ್ತ ನೋಡಿ, ‘ಬರುವ ವರ್ಷ ನಿಮ್ಮ ಕಡೆಯವರು ಬರುವರೇನು?’ ಎಂದನು.