ಲೈಬ್ರರಿಗಳೂ ಲಾಗಿನ ಭಾರವೂ

ಗಣಕದಲ್ಲಿ ನಡೆಯುವ ತಂತ್ರಾಂಶವು ತಾನು ಮಾಡಿದ ಕಾರ್ಯವನ್ನೂ ಎಡವಿದ ಸ್ಥಳವನ್ನೂ ಕಾಲಸಹಿತವಾಗಿ ಬರೆದಿಡುವ ದಾಖಲೆಗೆ ಲಾಗ್ ಎಂದು ಹೆಸರು. ಅಪರಾತ್ರಿಯಲ್ಲಿ ಬ್ಯಾಂಕಿನ ವ್ಯವಸ್ಥೆಯೊಂದು ಸ್ತಬ್ಧವಾದರೆ ಕಾರಣವನ್ನು ಅರಸುವವರಿಗೆ ಮೊದಲು ಒದಗುವ ಸಾಕ್ಷಿ ಅದೇ. ಆದರೆ ಇಂದಿನ ತಂತ್ರಾಂಶವು ಒಬ್ಬರ ಕೃತಿಯಲ್ಲ. ಅನ್ಯರು ಸಿದ್ಧಪಡಿಸಿಟ್ಟ ಹತ್ತಾರು ಲೈಬ್ರರಿಗಳನ್ನು ತನ್ನೊಳಗೆ ಸೇರಿಸಿಕೊಂಡು ನಿಂತಿರತಕ್ಕದ್ದು. ಅವುಗಳಲ್ಲಿ ಒಂದೊಂದೂ ತನಗೆ ಪ್ರಿಯವಾದ ಲಾಗ್ ಯಂತ್ರವನ್ನು ಜೊತೆಗೆ ತಂದರೆ, ಮದುವೆಮನೆಗೆ ಕರೆಸಿದ ಅಡಿಗೆಯವನು ತನ್ನ ಗುಮಾಸ್ತನನ್ನೂ ಕರೆತಂದು ಅವನ ಊಟ ವಸತಿಗಳನ್ನು ಮನೆಯವರ ತಲೆಗೆ ಕಟ್ಟಿದಂತಾದೀತು.

ಜಾವಾ ಭಾಷೆಯ ಪ್ರಪಂಚದಲ್ಲಿ ಹೀಗೆಯೇ ಆಯಿತು. ಲಾಗ್4ಜೆ ಎಂಬ ಲಾಗ್ ಯಂತ್ರವು ಪ್ರಸಿದ್ಧವಾಗಿದ್ದಾಗಲೇ 2002ರಲ್ಲಿ ಜಾವಾ ತನ್ನದೇ ಇನ್ನೊಂದು ಯಂತ್ರವನ್ನು ಹೊರತಂದಿತು. ಇವೆರಡರಲ್ಲಿ ಯಾವುದುಂಟೆಂದು ಓಡುವ ಹೊತ್ತಿನಲ್ಲಿಯೇ ಊಹಿಸಿಕೊಳ್ಳುವ ಕಾಮನ್ಸ್ ಲಾಗಿಂಗ್ ಎಂಬ ಮಧ್ಯಸ್ಥವು, ತೊಡಕುಳ್ಳ ಸರ್ವರುಗಳಲ್ಲಿ ಊಹೆ ತಪ್ಪಿ, ಪರಿಹಾರಕ್ಕಿಂತ ಹೆಚ್ಚು ಕ್ಲೇಶವನ್ನೇ ತಂದಿತು. ಕಡೆಗೆ ಲಾಗ್4ಜೆಯ ಆದ್ಯ ನಿರ್ಮಾಪಕರಾದ ಜೆಕಿ ಗ್ಯುಲ್ಜು ಅವರೇ ಎಸ್‌ಎಲ್‌ಎಫ್4ಜೆಯನ್ನು ರಚಿಸಿದರು. ಇದರ ತತ್ತ್ವ ಸರಳ: ಲೈಬ್ರರಿಯು ಒಂದು ತೆಳುವಾದ ಸಂಪರ್ಕಪದರವನ್ನು ಮಾತ್ರ ಅವಲಂಬಿಸಲಿ, ಸಂದೇಶವನ್ನು ನಿಜವಾಗಿ ಬರೆಯುವ ಯಂತ್ರವನ್ನು ಅಂತಿಮ ತಂತ್ರಾಂಶದ ಕರ್ತೃವೇ ಆರಿಸಲಿ, ಆತನು ಆರಿಸದಿದ್ದರೆ ಆ ಪದರವು ಎಚ್ಚರಿಕೆಯೊಂದನ್ನು ನುಡಿದು ಸುಮ್ಮನಿರಲಿ. ಹಳೆಯ ಯಂತ್ರಗಳ ಸಂದೇಶಗಳನ್ನು ಇತ್ತ ತಿರುಗಿಸುವ ಸೇತುವೆಗಳೂ ಉಂಟು. ಹೋಗುವುದಕ್ಕೊಂದು, ಬರುವುದಕ್ಕೊಂದು ಸೇತುವೆಯನ್ನು ಒಟ್ಟಿಗೆ ಕಟ್ಟಿದವರ ಸಂದೇಶವು ಮಾತ್ರ ಗಾಣದೆತ್ತಿನಂತೆ ಸುತ್ತಿ ಸುತ್ತಿ ತಂತ್ರಾಂಶವನ್ನೇ ಕೆಡವುವುದು.

ಈ ಸಂಯಮದ ಬೆಲೆ 2021ರ ಡಿಸೆಂಬರಿನಲ್ಲಿ ತಿಳಿಯಿತು. ಲಾಗಿಗೆ ಸೇರುವ ಒಂದು ಸಾಲಿನೊಳಗೆ ದುಷ್ಟನೊಬ್ಬನು ವಿಶಿಷ್ಟ ಪದಪುಂಜವನ್ನು ನುಸುಳಿಸಿದರೆ, ಲಾಗ್4ಜೆಯ ಎರಡನೆಯ ಪೀಳಿಗೆಯಾದ ಲಾಗ್4ಜೆ 2 ಅದನ್ನು ಆಜ್ಞೆಯೆಂದೇ ಭ್ರಮಿಸಿ, ದೂರದ ಗಣಕದಿಂದ ಪರಕೀಯ ಕೋಡನ್ನು ತರಿಸಿ ನಡೆಸುತ್ತಿತ್ತು. ಲಾಗ್4ಶೆಲ್ ಎಂದು ಕುಖ್ಯಾತವಾದ ಈ ದೋಷಕ್ಕೆ ತೀವ್ರತೆಯ ಮಾಪನದಲ್ಲಿ ಹತ್ತಕ್ಕೆ ಹತ್ತು ಅಂಕ ಬಿದ್ದಿತು. ದೋಷವಿದ್ದುದು ಲಾಗ್4ಜೆ 2ರ ಕೋರ್ ಎಂಬ ಯಂತ್ರಭಾಗದಲ್ಲಿ. ಎಪಿಐ ಎಂಬ ಸಂಪರ್ಕಪದರವನ್ನಷ್ಟೇ ಅವಲಂಬಿಸಿದ್ದ ಲೈಬ್ರರಿಗಳು ತಾವಾಗಿ ಯಾರ ಮನೆಗೂ ಈ ವಿಷವನ್ನು ಒಯ್ಯಲಿಲ್ಲ. ಕೋರನ್ನೇ ಹೊತ್ತು ತಂದವುಗಳ ಕಥೆ ಬೇರೆ: ಲಾಗ್4ಜೆಯ ಹೆಸರನ್ನೇ ಎಂದೂ ತಮ್ಮ ಪಟ್ಟಿಯಲ್ಲಿ ಬರೆಯದವರೂ, ಲೈಬ್ರರಿಯ ಲೈಬ್ರರಿಯೊಳಗೆ ಅದು ಅಡಗಿರುವುದನ್ನು ಕಂಡು ದಿಗ್ಭ್ರಾಂತರಾದರು. ಕೆಲವು ಲೈಬ್ರರಿಗಳಂತೂ ಅದನ್ನು ಜಾರ್ ಎಂಬ ತಮ್ಮ ಕಟ್ಟುಕಡತದೊಳಗೇ ಕರಗಿಸಿಕೊಂಡಿದ್ದುದರಿಂದ, ಕಡತದ ಹೆಸರು ನೋಡಿ ಹುಡುಕಿದವರಿಗೆ ಅದು ಸಿಗಲೇ ಇಲ್ಲ. ಜಾರ್‌ಗಳನ್ನು ಒಂದೊಂದಾಗಿ ಬಿಚ್ಚಿ ಒಳಗಿನ ಕ್ಲಾಸುಗಳನ್ನೇ ಶೋಧಿಸಬೇಕಾಯಿತು.