ಮಾವನ ಒಮೆಗಾ ಮಿಲಾನ್‌ಗೆ ಹೋಗಬೇಕಾ?

ನಮ್ಮ ಕನ್ನಡ ಬಳಗದ ಗೆಳೆಯನೊಬ್ಬ ಮುಂದಿನ ಸೆಮಿಸ್ಟರ್ ಎಕ್ಸ್‌ಚೇಂಜ್ ಮೇಲೆ ಇಟಲಿಯ ಮಿಲಾನ್‌ಗೆ ಹೊರಟಿದ್ದಾನೆ. ವೀಸಾ ಬಂತು, ಟಿಕೆಟ್ ಆಯ್ತು, ಚಟ್ನಿಪುಡಿ ಡಬ್ಬಿಯೂ ರೆಡಿ. ಅಷ್ಟರಲ್ಲಿ ಶಿವಮೊಗ್ಗದಿಂದ ಅವನ ಸೋದರಮಾವ ಬಂದು, ತಮ್ಮ ಕೈಯಲ್ಲಿದ್ದ ಒಮೆಗಾ ಸೀಮಾಸ್ಟರ್ ಬಿಚ್ಚಿ ಅವನ ಕೈಗೆ ಕಟ್ಟಿದರು. “ಹೋಗ್ತಿರೋದು ಯುರೋಪಿಗೆ ಕಣೋ. ನಮ್ಮ ಹುಡುಗ ಅಲ್ಲಿ ಯಾರಿಗೂ ಕಮ್ಮಿ ಕಾಣಬಾರದು” ಅಂದರು. ಹದಿನೈದು ವರ್ಷ ಮಸ್ಕತ್‌ನಲ್ಲಿ ದುಡಿದು ವಾಪಸ್ ಬರುವಾಗ, ಮನೆಯವರಿಗೆಲ್ಲ ಕೊಟ್ಟು ಮುಗಿಸಿದ ಮೇಲೆ, ಅವರು ತಮಗೇ ಅಂತ ಕೊಂಡ ಒಂದೇ ಒಂದು ವಸ್ತು ಅದು. ಇವತ್ತು ಅಂಥದ್ದೇ ಹೊಸದು ಬೇಕಂದ್ರೆ ಐದು ಲಕ್ಷ ದಾಟುತ್ತೆ.

ಹಾಸ್ಟೆಲ್ ರೂಮಿನಲ್ಲಿ ಆ ವಾಚ್ ಎಲ್ಲರ ಕೈಗೂ ಒಂದು ಸುತ್ತು ಬಂತು. ಆಮೇಲೆ ವಾದ ಶುರು. ಅರ್ಧ ಜನ “ಹಾಕ್ಕೊಂಡು ಹೋಗು, ಇರೋದೇ ಹಾಕ್ಕೊಳೋಕೆ” ಅಂದ್ರು. ಇನ್ನರ್ಧ “ಬೇಡಪ್ಪ, ಕಿತ್ಕೊಂಡು ಹೋಗ್ತಾರೆ” ಅಂದ್ರು. ಎಂಜಿನಿಯರಿಂಗ್ ಓದ್ತಾ ಇದ್ದೀವಿ, ಬರೀ ಬಾಯಿಮಾತಲ್ಲಿ ತೀರ್ಮಾನ ಮಾಡೋದು ಸರಿಯಲ್ಲ ಅನ್ನಿಸಿತು. ಕೂತು ಓದಿದೆವು, ಅಲ್ಲಿರುವ ಸೀನಿಯರ್‌ಗಳನ್ನ ಕೇಳಿದೆವು. ನಿಮ್ಮಲ್ಲೂ ಇಂಟರ್ನ್‌ಶಿಪ್, ಎಂ.ಎಸ್., ಕಾನ್ಫರೆನ್ಸ್ ಅಂತ ಹೊರಡೋರು ಇದ್ದೀರಿ. ಅದಕ್ಕೇ ಈ ಬರಹ.

ಎಫ್1 ಡ್ರೈವರ್‌ಗಳನ್ನೇ ಬಿಟ್ಟಿಲ್ಲ

ಮೊದಲೇ ಒಂದು ಮಾತು. ಯುರೋಪ್ ಅಂದ್ರೆ ಕಳ್ಳರ ಸಂತೆ ಅಲ್ಲ. ಹೆಚ್ಚಿನ ಪ್ರವಾಸಿಗರು ಸುಖವಾಗಿ ಹೋಗಿ ಸುಖವಾಗಿ ಬರ್ತಾರೆ. ಆದರೆ ಕೆಲವು ಊರುಗಳಲ್ಲಿ ದುಬಾರಿ ವಾಚನ್ನೇ ಹುಡುಕಿಕೊಂಡು ಓಡಾಡುವ ತಂಡಗಳಿವೆ ಅನ್ನೋದೂ ನಿಜ.

ಎಫ್1 ನೋಡುವವರಿಗೆ ನೆನಪಿರಬಹುದು. 2021ರ ಜುಲೈನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಯೂರೋ ಫೈನಲ್ ಮುಗಿಸಿ ಹೊರಟಿದ್ದ ಲ್ಯಾಂಡೊ ನಾರಿಸ್ ಕೈಯಿಂದ ರಿಚರ್ಡ್ ಮಿಲ್ ವಾಚ್ ಹೋಯಿತು. 2022ರ ಏಪ್ರಿಲ್‌ನಲ್ಲಿ ಇಟಲಿಯ ವಿಯರೆಜ್ಜೊದಲ್ಲಿ ಚಾರ್ಲ್ಸ್ ಲೆಕ್ಲೇರ್ ಸುತ್ತ ಸೆಲ್ಫಿಗೆ ಅಂತ ಜನ ಮುತ್ತಿದ್ದಾಗ ಅವರ ವಾಚ್ ಮಾಯವಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಮೊನ್ಝಾ ರೇಸಿನಲ್ಲಿ ಮೂರನೇ ಸ್ಥಾನ ಪಡೆದ ಕಾರ್ಲೋಸ್ ಸೈಂಜ್ ಅದೇ ಸಂಜೆ ಮಿಲಾನ್‌ನಲ್ಲಿ ವಾಚ್ ಕಳಕೊಂಡರು. ಅವರು ಕಳ್ಳರ ಬೆನ್ನಟ್ಟಿ ಓಡಿದರು, ಕಳ್ಳರು ಸಿಕ್ಕಿಬಿದ್ದರು, ವಾಚೂ ವಾಪಸ್ ಬಂತು.

ಸೈಂಜ್ ಕಥೆ ಕೇಳಿ ನಮ್ಮ ಗೆಳೆಯನ ಮುಖ ಅರಳಿತು. ನಾವು ಹೇಳಿದೆವು: ಅವರ ಜೊತೆ ಓಡೋಕೆ ಜನ ಇದ್ದರು, ನೀನು ಒಬ್ಬನೇ ಇರ್ತೀಯ. ಅದೇ 2022ರ ಏಪ್ರಿಲ್‌ನಲ್ಲಿ ಪೂರ್ವ ಲಂಡನ್ನಿನಲ್ಲಿ ಬಾಕ್ಸರ್ ಅಮೀರ್ ಖಾನ್‌ಗೆ ಪಿಸ್ತೂಲು ತೋರಿಸಿ ವಾಚ್ ಬಿಚ್ಚಿಸಿಕೊಂಡರು. ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರೇ ಸುಮ್ಮನೆ ಕೊಟ್ಟು ಜೀವ ಉಳಿಸಿಕೊಂಡರು ಅಂದಮೇಲೆ ನಮ್ಮ ನಿಮ್ಮ ಮಾತೇನು?

ಕಳ್ಳನ ಲೆಕ್ಕ

ಫೋನ್ ಬಿಟ್ಟು ವಾಚೇ ಯಾಕೆ? ಕಳ್ಳನ ಜಾಗದಲ್ಲಿ ನಿಂತು ಲೆಕ್ಕ ಹಾಕಿ. ಫೋನ್ ಕದ್ದರೆ ಮಾಲೀಕ ದೂರದಿಂದಲೇ ಲಾಕ್ ಮಾಡ್ತಾನೆ, ಐಎಂಇಐ ಬ್ಲಾಕ್ ಮಾಡಿಸ್ತಾನೆ, ಅದು ಎಲ್ಲಿದೆ ಅಂತ ಮ್ಯಾಪಿನಲ್ಲಿ ನೋಡ್ತಾನೆ. ಮೆಕ್ಯಾನಿಕಲ್ ವಾಚಿನಲ್ಲಿ ಬ್ಯಾಟರಿ ಇಲ್ಲ, ಸಿಗ್ನಲ್ ಇಲ್ಲ, ಪಾಸ್‌ವರ್ಡ್ ಇಲ್ಲ. ಕೈ ಬದಲಾದರೂ ಟಿಕ್ ಟಿಕ್ ಅಂತ ನಡೀತಾನೇ ಇರುತ್ತೆ. ನೂರೈವತ್ತು ಗ್ರಾಂ ಆಸುಪಾಸಿನ ಒಂದು ಸ್ಟೀಲ್ ವಾಚ್ ಲಕ್ಷಗಟ್ಟಲೆ ಬಾಳುತ್ತೆ, ಜೇಬಿನಲ್ಲಿ ಗಡಿ ದಾಟುತ್ತೆ, ಯಾವ ದೇಶದಲ್ಲೂ ಗಿರಾಕಿ ಸಿಗ್ತಾನೆ. ಜೊತೆಗೆ ಇನ್ನೊಂದು: ಬೆಲೆಬಾಳುವ ಬೇರೆ ವಸ್ತುಗಳನ್ನ ನಾವು ಬ್ಯಾಗಿನೊಳಗೆ ಇಡ್ತೀವಿ, ಇದನ್ನ ಮಾತ್ರ ಎಲ್ಲರಿಗೂ ಕಾಣುವಂತೆ ಹೊರಗೆ ಕಟ್ಟಿಕೊಳ್ತೀವಿ.

ಹೇಗೆ ಕೀಳ್ತಾರೆ

ಒಂದೊಂದು ಊರಿಗೆ ಒಂದೊಂದು ಪದ್ಧತಿ ಇದೆ. ಇಟಲಿಯ ನೇಪಲ್ಸ್‌ನಲ್ಲಿ ಕನ್ನಡಿ ತಂತ್ರ ಪ್ರಸಿದ್ಧ. ಟ್ರಾಫಿಕ್ಕಿನಲ್ಲಿ ನಿಂತ ಕಾರಿನ ಪಕ್ಕ ಸ್ಕೂಟರ್‌ನವನು ಬಂದು ಸೈಡ್ ಮಿರರ್‌ಗೆ ತಟ್ಟಿ ಮಡಚಿ ಹೋಗ್ತಾನೆ. ಡ್ರೈವರ್ ಗೊಣಗುತ್ತಾ ಕಿಟಕಿ ಇಳಿಸಿ, ಕೈ ಹೊರಗೆ ಚಾಚಿ ಕನ್ನಡಿ ಸರಿಮಾಡ್ತಾನೆ. ಹಿಂದಿನಿಂದ ಬಂದ ಎರಡನೇ ಸ್ಕೂಟರ್ ಆ ಕೈಗೆ ಕಾದಿರುತ್ತೆ. ನಮ್ಮಲ್ಲಿ ಡ್ರೈವರ್ ಸೀಟು ಬಲಕ್ಕೆ, ವಾಚ್ ಸಾಮಾನ್ಯವಾಗಿ ಎಡಗೈಗೆ. ಇಟಲಿಯಲ್ಲಿ ಡ್ರೈವರ್ ಸೀಟು ಎಡಕ್ಕೆ. ಹಾಗಾಗಿ ಕಿಟಕಿಯಿಂದ ಹೊರಗೆ ಬರೋದು ವಾಚ್ ಕಟ್ಟಿದ ಕೈಯೇ!

ಬಾರ್ಸಿಲೋನಾದಲ್ಲಿ ಸ್ನೇಹವೇ ಬಲೆ. ರಾತ್ರಿ ಹೊತ್ತು ಯಾರೋ ನಗುನಗುತ್ತಾ ಬಂದು ತಬ್ಬಿಕೊಳ್ತಾರೆ, ಫುಟ್‌ಬಾಲ್ ಸ್ಟೆಪ್ ಹಾಕ್ತಾ ಕಾಲಿಗೆ ಕಾಲು ಸಿಕ್ಕಿಸ್ತಾರೆ. ನೀವು ಬ್ಯಾಲೆನ್ಸ್ ಮಾಡುವಷ್ಟರಲ್ಲಿ ಮಣಿಕಟ್ಟು ಖಾಲಿ. ಅಲ್ಲಿನ ಪೊಲೀಸರಾದ ಮೊಸೊಸ್ ವಾಚ್ ಕಳ್ಳತನಕ್ಕೆ ಅಂತಲೇ ವಿಶೇಷ ತಂಡ ಇಟ್ಟುಕೊಂಡಿದ್ದಾರೆ. ಲಂಡನ್ನಿನ ಸೋಹೊ, ಮೇಫೇರ್ ಕಡೆ ಬಾರ್‌ಗಳಿಂದ ಹೊರಬರುವವರನ್ನ ಹಿಂಬಾಲಿಸೋದು, ಮೊಪೆಡ್‌ನಲ್ಲಿ ಬಂದು ಎಗರಿಸೋದು ಹೆಚ್ಚು. ಅಲ್ಲಿನ ಪೊಲೀಸರು ತಾವೇ ದುಬಾರಿ ವಾಚ್ ಕಟ್ಟಿಕೊಂಡು ಮಫ್ತಿಯಲ್ಲಿ ಓಡಾಡಿ ಕಳ್ಳರನ್ನ ಹಿಡಿದದ್ದೂ ಉಂಟು.

ಎಲ್ಲ ಕಡೆಯೂ ಮೊದಲ ಹೆಜ್ಜೆ ಒಂದೇ: ಗುರುತಿಸುವವನು ಬೇರೆ, ಕೀಳುವವನು ಬೇರೆ. ಕೆಫೆ ಹೊರಗಿನ ಟೇಬಲ್ ಮೇಲೆ ನೀವು ಕೈ ಇಟ್ಟಿರ್ತೀರಿ, ಒಬ್ಬ ನೋಡಿಕೊಂಡು ಫೋನ್ ಮಾಡ್ತಾನೆ, ಎರಡು ಬೀದಿ ಆಚೆ ಇನ್ನೊಬ್ಬ ಸಿಗ್ತಾನೆ. ದಾರಿಯಲ್ಲಿ ಯಾರಾದರೂ “ಟೈಮ್ ಎಷ್ಟು?” ಅಂತ ಕೇಳಿದರೂ ಕೈ ಎತ್ತಬೇಡಿ. ಫೋನ್ ಇಲ್ಲದವರು ಯಾರಿದ್ದಾರೆ ಈಗ?

ಫ್ಯೂಸ್ ಬದಲು ದಪ್ಪ ತಂತಿ

ಇಲ್ಲಿ ನಮ್ಮ ಮೆಕ್ಯಾನಿಕಲ್ ಬ್ರಾಂಚಿನವರು ಬಾಯಿ ಹಾಕಿದರು. ಗಟ್ಟಿಯಾದ ವಾಚ್ ಅಷ್ಟು ಸುಲಭವಾಗಿ ಹೇಗೆ ಕಿತ್ತು ಬರುತ್ತೆ?

ವಾಚಿನ ಕೇಸಿಗೆ ಮೇಲೆ ಎರಡು, ಕೆಳಗೆ ಎರಡು ಕಿವಿಗಳಿರುತ್ತವೆ. ಅವುಗಳ ನಡುವೆ ಸ್ಟ್ರಾಪ್ ಹಿಡಿಯುವುದು ಸ್ಪ್ರಿಂಗ್ ಬಾರ್ ಎಂಬ ಸಣ್ಣ ಕಡ್ಡಿ. ಟೊಳ್ಳು ಕೊಳವೆ, ಒಳಗೊಂದು ಸ್ಪ್ರಿಂಗ್, ಎರಡೂ ತುದಿಯಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪದ ಮೊನೆ. ಆ ಮೊನೆ ಕಿವಿಯ ತೂತಿನಲ್ಲಿ ಕೂತಿರುತ್ತೆ. ಸ್ಟ್ರಾಪ್ ಬದಲಿಸುವಾಗ ಒತ್ತಿದರೆ ಒಳಗೆ ಹೋಗಬೇಕು, ಅದಕ್ಕೇ ಹಾಗೆ ಮಾಡಿರೋದು. ಕಳ್ಳ ಸ್ಟ್ರಾಪಿನ ಕೆಳಗೆ ಬೆರಳು ತೂರಿಸಿ ತಿರುಚಿ ಎಳೆದರೆ ಬಲವೆಲ್ಲ ಒಂದೇ ಮೊನೆ ಮೇಲೆ ಬೀಳುತ್ತೆ. ಅದು ಬಾಗುತ್ತೆ ಇಲ್ಲವೇ ಜಾರುತ್ತೆ. ವಾಚ್ ಕಳ್ಳನ ಕೈಯಲ್ಲಿ.

“ಹಾಗಾದ್ರೆ ಸ್ಕ್ರೂ ಹಾಕಿದ ಬಾರ್ ಇರೋ ವಾಚ್, ಇಲ್ಲಾ ಎರಡೂ ಬಾರಿನ ಕೆಳಗೆ ಒಂದೇ ಪಟ್ಟಿ ಹಾಯುವ ನೇಟೊ ಸ್ಟ್ರಾಪ್ ಹಾಕಿದ್ರೆ ಆಯ್ತಲ್ಲ?” ಅಂದ ಒಬ್ಬ. ಜೇಬುಗಳ್ಳನ ಕೈಚಳಕಕ್ಕೆ ಅದು ಸ್ವಲ್ಪ ತಡೆ ಹೌದು. ಆದರೆ ಸ್ಕೂಟರ್ ಮೇಲಿಂದ ಎಳೆಯುವವನಿಗೆ? ಸರಪಳಿಯಲ್ಲಿ ದುರ್ಬಲ ಕೊಂಡಿಯೇ ಮೊದಲು ಮುರಿಯೋದು ಅಂತ ಫಸ್ಟ್ ಇಯರ್‌ನಲ್ಲೇ ಓದಿದ್ದೀವಿ. ಪಿನ್ ಗಟ್ಟಿ ಮಾಡಿದರೆ ಮುಂದಿನ ದುರ್ಬಲ ಕೊಂಡಿ ನಿಮ್ಮ ಮಣಿಕಟ್ಟು, ಭುಜ. ಮನೆಯಲ್ಲಿ ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ದಪ್ಪ ತಂತಿ ಸುತ್ತೋರು ಇರ್ತಾರಲ್ಲ, ಹಾಗೆ ಇದು. ಫ್ಯೂಸ್ ಉಳಿಯುತ್ತೆ, ಮನೆ ಸುಡುತ್ತೆ.

ಇಡೀ ಚರ್ಚೆಯಲ್ಲಿ ನಮಗೆ ಮುಖ್ಯ ಅನ್ನಿಸಿದ್ದು ಇದೇ. ವಾಚ್ ಅನ್ನೋದು ಫ್ಯೂಸ್ ಆಗಿರಬೇಕು. ಕೇಳಿದ ಕೂಡಲೇ, ಎಳೆದ ಕೂಡಲೇ, ಹೋಗಲಿ ಬಿಡು ಅನ್ನುವಂಥದ್ದಾಗಿರಬೇಕು. ಬಿಡೋಕೆ ಮನಸ್ಸು ಬಾರದ ವಾಚ್ ಕಟ್ಟಿಕೊಂಡವನು ಆ ಎರಡು ಸೆಕೆಂಡಿನಲ್ಲಿ ಕೈ ಹಿಂದಕ್ಕೆ ಎಳೀತಾನೆ, ಜಗ್ಗಾಡ್ತಾನೆ. ಪೆಟ್ಟು ಬೀಳೋದು ಆಗಲೇ.

ತಗೊಂಡೇ ಹೋಗ್ತೀನಿ ಅನ್ನೋರಿಗೆ

ಕೆಲವರಿಗೆ ಕಾರಣ ಇರುತ್ತೆ. ಅಣ್ಣನ ಮದುವೆ ಅಲ್ಲೇ ಇರಬಹುದು. ಅಂಥವರಿಗೆ ಕೆಲವು ಮಾತು.

ಹೊರಡುವ ಮುಂಚೆ ಸೀರಿಯಲ್ ನಂಬರ್ ಬರೆದಿಡಿ. ಕೆಲವು ವಾಚುಗಳಲ್ಲಿ ಅದು ಕೇಸಿನ ಹಿಂಭಾಗದಲ್ಲಿ ಅಥವಾ ಕಿವಿಗಳ ಬಳಿ ಇರುತ್ತೆ. ಈಚಿನ ರೋಲೆಕ್ಸ್‌ಗಳಲ್ಲಿ ಡಯಲ್ ಸುತ್ತಲಿನ ಒಳ ಉಂಗುರದ ಮೇಲೆ ಕೊರೆದಿರ್ತಾರೆ. ನಾಲ್ಕು ದಿಕ್ಕಿನಿಂದ ಫೋಟೊ ತೆಗೆದು ಬಿಲ್ ಜೊತೆ ಡ್ರೈವ್‌ನಲ್ಲಿ ಇಡಿ. ವಾರಂಟಿ ಕಾರ್ಡ್, ಬಾಕ್ಸ್ ಮನೆಯಲ್ಲೇ ಇರಲಿ. ಅವೂ ಕಳುವಾದರೆ ಕಳ್ಳನಿಗೆ ಇನ್ನೂ ಒಳ್ಳೆ ರೇಟು.

ವಿಮಾನ ಹತ್ತುವ ಮುಂಚೆ ನಮ್ಮ ಏರ್‌ಪೋರ್ಟಿನಲ್ಲೇ ಕಸ್ಟಮ್ಸ್‌ನವರಿಗೆ ವಾಚ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಕೇಳಿ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ವಾಪಸ್ ಬರುವಾಗ “ಅಲ್ಲಿ ಕೊಂಡು ತಂದದ್ದು, ಡ್ಯೂಟಿ ಕಟ್ಟಿ” ಅಂತ ನಿಲ್ಲಿಸಿದರೆ ಅದೇ ನಿಮ್ಮ ಉತ್ತರ. ಸೆಕ್ಯುರಿಟಿ ಚೆಕ್‌ನಲ್ಲಿ ವಾಚನ್ನ ಟ್ರೇನಲ್ಲಿ ಬಿಡಿಯಾಗಿ ಇಡಬೇಡಿ. ಕ್ಯೂಗೆ ಮುಂಚೆಯೇ ಬಿಚ್ಚಿ ಬ್ಯಾಗಿನೊಳಗಿನ ಜಿಪ್‌ನಲ್ಲಿ ಹಾಕಿ.

ಊರಲ್ಲಿ ಓಡಾಡುವಾಗ ಉದ್ದ ತೋಳಿನ ಬಟ್ಟೆ ಇರಲಿ. ಆದರೂ ಮೆಟ್ರೊದಲ್ಲಿ ಮೇಲಿನ ಕಂಬಿ ಹಿಡಿದರೆ ತೋಳು ಜಾರಿ ವಾಚ್ ಎಲ್ಲರ ಕಣ್ಣಿಗೆ ಬೀಳುತ್ತೆ, ಆ ಕೈಯಲ್ಲಿ ಹಿಡೀಬೇಡಿ. ರೈಲ್ವೆ ಸ್ಟೇಷನ್, ರಾತ್ರಿಯ ಬಾರ್ ಬೀದಿ, ಜಾತ್ರೆಯಂಥ ಗುಂಪು ಇರೋ ಕಡೆ ಹೋಗುವ ದಿನ ವಾಚೇ ಬೇಡ. ನಡುದಾರಿಯಲ್ಲಿ ಬಿಚ್ಚಿ ಜೇಬಿಗೆ ಹಾಕೋದೂ ಬೇಡ, ಅದು ಕರೆದು ತೋರಿಸಿದ ಹಾಗೆ. ಇನ್‌ಸ್ಟಾದಲ್ಲಿ ವಾಚ್ ಕಾಣುವ ಸ್ಟೋರಿ, ಅದರಲ್ಲೂ ಲೊಕೇಶನ್ ಜೊತೆ, ಊರಿಗೆ ಬಂದ ಮೇಲೆ ಹಾಕಿದರೂ ನಡೆಯುತ್ತೆ.

“ಹಾಗಾದ್ರೆ ಡೂಪ್ಲಿಕೇಟ್ ಹಾಕ್ಕೊಂಡು ಹೋಗ್ತೀನಿ” ಅನ್ನೋ ಬುದ್ಧಿವಂತರಿಗೆ: ನಕಲಿ ಅಂತ ಕಳ್ಳನಿಗೆ ಗೊತ್ತಾಗೋದು ಕಿತ್ತ ಮೇಲೆ. ಪೆಟ್ಟು ಅಸಲಿಯೇ. ಮೇಲಾಗಿ ಫ್ರಾನ್ಸ್‌ನಲ್ಲಿ ನಕಲಿ ಮಾಲು ಇಟ್ಟುಕೊಂಡಿರೋದೇ ಅಪರಾಧ, ಇಟಲಿಯಲ್ಲಿ ಕೊಂಡವರಿಗೂ ದಂಡ ಇದೆ.

ಹೋದರೆ ಏನು ಮಾಡಬೇಕು?

ಬೆನ್ನಟ್ಟಬೇಡಿ. ಹತ್ತಿರದ ಅಂಗಡಿಯೋ ಹೋಟೆಲೋ, ಜನ ಇರುವ ಕಡೆ ಒಳಗೆ ಹೋಗಿ 112ಕ್ಕೆ ಕರೆ ಮಾಡಿ. ಯುರೋಪಿಯನ್ ಒಕ್ಕೂಟದ ಎಲ್ಲ ದೇಶದಲ್ಲೂ ಇದೇ ನಂಬರ್. ಬ್ರಿಟನ್ನಿನಲ್ಲಿ 999, ಅಲ್ಲೂ 112 ಕೆಲಸ ಮಾಡುತ್ತೆ. ಅವತ್ತೇ ಪೊಲೀಸ್ ಠಾಣೆಗೆ ಹೋಗಿ ಸೀರಿಯಲ್ ನಂಬರ್ ಸಮೇತ ದೂರು ಕೊಟ್ಟು ಪ್ರತಿ ತಗೊಳ್ಳಿ. ಇಟಲಿಯಲ್ಲಿ, ಸ್ಪೇನ್‌ನಲ್ಲಿ ಅದಕ್ಕೆ ‘ದೆನುನ್ಸಿಯಾ’ ಅಂತ ಹೇಳಿದರೆ ಅರ್ಥ ಆಗುತ್ತೆ. ಆ ಕಾಗದ ಇಲ್ಲದೆ ಇನ್ಶೂರೆನ್ಸ್ ಮಾತು ಮುಂದೆ ಹೋಗಲ್ಲ. ಇನ್ಶೂರೆನ್ಸ್ ಅಂದಾಗ ನೆನಪಾಯ್ತು: ಸ್ಟೂಡೆಂಟ್ ಟ್ರಾವೆಲ್ ಪಾಲಿಸಿಗಳಲ್ಲಿ ಒಂದು ವಸ್ತುವಿಗೆ ಇಷ್ಟೇ ಅಂತ ಮಿತಿ ಇರುವುದು ಸಾಮಾನ್ಯ, ಎಷ್ಟೋ ಪಾಲಿಸಿಗಳು ಒಡವೆ, ವಾಚ್‌ಗಳನ್ನ ಹೊರಗೇ ಇಡುತ್ತವೆ. ಸಣ್ಣ ಅಕ್ಷರ ಓದಿ.

ಆಮೇಲೆ ಕಳುವಾದ ವಾಚುಗಳ ಪಟ್ಟಿಗಳಲ್ಲಿ ನಿಮ್ಮದನ್ನೂ ಸೇರಿಸಿ. ಲಂಡನ್ನಿನ ‘ದ ವಾಚ್ ರಿಜಿಸ್ಟರ್’ ಇದೆ. ಕಾರ್ತಿಯೆಯಂಥ ಬ್ರಾಂಡ್‌ಗಳ ಒಡೆತನದ ರಿಚ್‌ಮಾಂಟ್ ಕಂಪನಿ 2023ರಲ್ಲಿ ಶುರು ಮಾಡಿದ ‘ಎನ್‌ಕ್ವೈರಸ್’ ಇದೆ. ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳು ಕೊಳ್ಳುವ ಮುಂಚೆ ಇಲ್ಲಿ ನಂಬರ್ ಹಾಕಿ ನೋಡ್ತಾರೆ. ವರ್ಷಗಳ ಮೇಲೆ ವಾಚ್ ಪತ್ತೆಯಾಗೋದೂ ಉಂಟು.

ಮಾವನಿಗೊಂದು ಫೋನ್

ಇಷ್ಟೆಲ್ಲ ಆದ ಮೇಲೆ ನಾವು ಗೆಳೆಯನಿಗೆ ಹೇಳಿದ್ದು ಒಂದೇ. “ಮಾವನಿಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳು. ಅವರು ಹೂಂ ಅಂದ್ರೆ ತಗೊಂಡು ಹೋಗು.”

ಸ್ಪೀಕರ್ ಹಾಕಿ ಮಾಡಿದ. “ಮಾವ, ಅಲ್ಲಿ ಯಾರಾದ್ರೂ ಬಂದು ಕೊಡು ಅಂದ್ರೆ ವಾಚ್ ಬಿಚ್ಚಿ ಕೊಟ್ಬಿಡಲಾ? ನೀವು ಬೇಜಾರ್ ಮಾಡ್ಕೊಳಲ್ಲ ತಾನೇ?”

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ನಾವೂ ಉಸಿರು ಬಿಗಿಹಿಡಿದು ಕೂತಿದ್ವಿ. ಆಮೇಲೆ ಮಾವ ನಿಧಾನಕ್ಕೆ ಅಂದರು, “ಕೊಟ್ಬಿಡಪ್ಪ. ನಿನಗಿಂತ ಹೆಚ್ಚಾ ಅದು?”

ಇವನಿಗೆ ಆ ಮಾತಿಗಿಂತ ಮುಂಚಿನ ಮೌನ ಕೇಳಿಸಿತ್ತು. “ಮಾವ, ಅದು ನಿಮ್ಮ ಕೈಯಲ್ಲೇ ಇರ್ಲಿ. ನನ್ನ ಕಾನ್ವೊಕೇಶನ್ ದಿನ ನೀವೇ ಬಂದು ಕಟ್ಟಿ” ಅಂದ. ಮಾವ “ಆಯ್ತು” ಅಂದರು. ದನಿಯಲ್ಲಿ ಬೇಜಾರೂ ಇತ್ತು, ನಿರಾಳವೂ ಇತ್ತು.

ಮಿಲಾನ್‌ಗೆ ಹೋಗ್ತಿರೋದು ಒಂದು ಪ್ಲಾಸ್ಟಿಕ್ ಕ್ಯಾಸಿಯೊ. ಟೈಮ್ ತೋರಿಸುತ್ತೆ, ಅಲಾರಂ ಹೊಡೆಯುತ್ತೆ, ಬೆಳಗಿನ ಎಂಟರ ಕ್ಲಾಸಿಗೆ ಅಷ್ಟು ಸಾಕು. ಎಂದಾದರೂ ಯಾರಾದರೂ ಕೇಳಿದರೆ ನಮ್ಮ ಹುಡುಗ ನಗ್ತಾ ಬಿಚ್ಚಿ ಕೊಡ್ತಾನೆ. ನೀವೂ ಹೊರಡುವ ಮುಂಚೆ ಕೈ ನೋಡಿಕೊಂಡು ಆ ಪ್ರಶ್ನೆ ಒಮ್ಮೆ ಕೇಳಿಕೊಳ್ಳಿ. ಪ್ರಯಾಣ ಸುಖಕರವಾಗಿರಲಿ.