ಶೆಡ್ಡಿನಲ್ಲಿ ನಿಂತ ಕಾರಿಗೆ ಎಷ್ಟು ಬೆಲೆ?

ಶೇಷಾದ್ರಿಪುರಂನ ಹಳೆಯ ಮನೆ ಬಿಲ್ಡರ್ ಕೈಗೆ ಹೋಗುವ ಹೊತ್ತಿಗೆ ಪಾತ್ರೆ, ಮಂಚ, ಬೀರು ಎಲ್ಲ ಹಂಚಿಹೋಗಿರುತ್ತವೆ. ಕೊನೆಗೆ ಉಳಿಯುವುದು ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತ ಕಾರು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಅಥವಾ ಮೊದಲ ತಲೆಮಾರಿನ ಮಾರುತಿ 800. ಸಿರೂರ್ ಪಾರ್ಕ್ ರಸ್ತೆಯಲ್ಲಾಗಲಿ, ಸ್ವಸ್ತಿಕ್ ವೃತ್ತದ ಹಿಂದಿನ ಗಲ್ಲಿಗಳಲ್ಲಾಗಲಿ, ಆಚೆಯ ಕುಮಾರಾ ಪಾರ್ಕಿನಲ್ಲಾಗಲಿ ಮನೆಯವರ ಮಾತು ಒಂದೇ: "ನಮ್ಮಪ್ಪನ ಕಾರು ಸಾರ್, ಬರೀ ಇಪ್ಪತ್ತೆರಡು ಸಾವಿರ ಓಡಿದೆ." ಗುಜರಿಯವರು ತೂಕದ ಲೆಕ್ಕ ಹೇಳುತ್ತಾರೆ. ದೂರದ ನೆಂಟರೊಬ್ಬರು, ಹರಾಜಿಗಿಟ್ಟರೆ ಹತ್ತು ಲಕ್ಷಕ್ಕೆ ಕಮ್ಮಿಯಿಲ್ಲ ಎಂದು ಫೋನಿನಲ್ಲೇ ತೀರ್ಪು ಕೊಡುತ್ತಾರೆ. ಈ ಎರಡರ ನಡುವೆ ಎಲ್ಲೋ ಇರುವ ನಿಜವಾದ ಬೆಲೆಯನ್ನು ಹುಡುಕಿ ಹೇಳುವುದೇ ಒಂದು ಕಸುಬು.

ಈ ಕಸುಬಿಗೆ ಬೋರ್ಡು ಹಾಕಿಕೊಂಡು ಕೂತವರು ನಮ್ಮಲ್ಲಿ ಅಪರೂಪ. ನಲವತ್ತು ವರ್ಷ ಕೈಗೆ ಗ್ರೀಸು ಹಚ್ಚಿಕೊಂಡ ಮೆಕ್ಯಾನಿಕ್, ಅಪಘಾತದ ಕಾರುಗಳನ್ನು ನೋಡಿ ನೋಡಿ ಕಣ್ಣು ಪಳಗಿದ ವಿಮಾ ಸರ್ವೇಯರ್, ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಮಾರುವವರು, ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್‌ನಂಥ ಕೂಟಗಳ ಸಂಗ್ರಾಹಕರು, ಇವರ ನಡುವೆ ಈ ವಿದ್ಯೆ ಹಂಚಿಕೊಂಡಿದೆ. ಲೆಕ್ಕದ ಪುಸ್ತಕ ನೋಡಿ ಹೇಳೋಣವೆಂದರೆ ಅದೂ ಕೈಕೊಡುತ್ತದೆ. ವಿಮೆಯ ಸವಕಳಿ ಪಟ್ಟಿ ಆರು ತಿಂಗಳೊಳಗಿನ ಕಾರಿಗೆ ಶೇ 5ರಿಂದ ಶುರುವಾಗಿ ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ 50ಕ್ಕೆ ನಿಂತುಬಿಡುತ್ತದೆ. ಐದು ವರ್ಷ ದಾಟಿತೋ, ಕಂಪನಿಯೂ ಮಾಲೀಕನೂ ಮಾತಾಡಿಕೊಂಡು ಮೊತ್ತ ಗೊತ್ತುಮಾಡಿಕೊಳ್ಳಬೇಕು. ನಲವತ್ತು ವರ್ಷದ ಕಾರಿನ ಬೆಲೆ ಯಾವ ಕೋಷ್ಟಕದಲ್ಲೂ ಇಲ್ಲ. ಕಾರಿನ ಮೈಮೇಲೆ ಓದಬೇಕು, ಕಾಗದದಲ್ಲಿ ತಾಳೆ ನೋಡಬೇಕು.

ಮೊದಲು ಮೀಟರನ್ನೇ ತೆಗೆದುಕೊಳ್ಳೋಣ. 1984ರ ಕಾರು 22,000 ಕಿ.ಮೀ. ಓಡಿದೆ ಎಂದರೆ ವರ್ಷಕ್ಕೆ ಸುಮಾರು 550, ದಿನಕ್ಕೆ ಒಂದೂವರೆ ಕಿಲೋಮೀಟರ್. ಶೇಷಾದ್ರಿಪುರಂನಿಂದ ಮಲ್ಲೇಶ್ವರದ ಮಾರ್ಕೆಟ್ಟಿಗೆ ಹೋಗಿ ಬರುವುದಕ್ಕೂ ಸಾಲದು. ಯಾರೂ ಹಾಗೆ ಕಾರು ಓಡಿಸುವುದಿಲ್ಲ. ಐದಾರು ವರ್ಷ ಓಡಿಸಿ ಆಮೇಲೆ ನಿಲ್ಲಿಸಿರುತ್ತಾರೆ. ಹಾಗಾದರೆ ಯಾವಾಗ ನಿಂತಿತು, ಯಾಕೆ ನಿಂತಿತು ಎಂಬುದಕ್ಕೆ ಮನೆಯವರಲ್ಲಿ ಒಂದು ಕಥೆ ಇರಬೇಕು. ಆ ಕಥೆಯನ್ನು ಕಾರೂ ಹೇಳಬೇಕು. ಇನ್ನೊಂದು ತೊಡಕಿದೆ: ಹಳೆಯ ಕಾರುಗಳ ಮೀಟರಿನಲ್ಲಿ ಸಾಮಾನ್ಯವಾಗಿ ಐದೇ ಅಂಕಿ. 99,999 ಮುಗಿದ ಮೇಲೆ ಮತ್ತೆ ಸೊನ್ನೆ. ಇಪ್ಪತ್ತೆರಡು ಸಾವಿರವೆಂದು ಕಾಣುವುದು ಒಂದು ಲಕ್ಷದ ಇಪ್ಪತ್ತೆರಡು ಸಾವಿರವೂ ಇರಬಹುದು. ಸ್ಪೀಡೋಮೀಟರ್ ಕೇಬಲ್ ತುಂಡಾಗಿ, ಮೀಟರ್ ಸತ್ತು, ಕಾರು ಮಾತ್ರ ಹತ್ತು ವರ್ಷ ಓಡಿರಲೂಬಹುದು. ಅದರಲ್ಲಿ ಮೋಸವೇ ಇರಬೇಕೆಂದಿಲ್ಲ, ಎಷ್ಟೋ ಸಲ ಬರೀ ಉದಾಸೀನ.

ಪಳಗಿದವರು ಮೀಟರನ್ನು ಕೊನೆಗೆ ನೋಡುತ್ತಾರೆ. ಡ್ರೈವರ್ ಬಾಗಿಲು ತೆರೆದು ಮೊದಲು ಬಗ್ಗುವುದು ಪೆಡಲುಗಳ ಕಡೆಗೆ. ಕ್ಲಚ್ ಪೆಡಲಿನ ರಬ್ಬರಿನಲ್ಲಿ ಅಚ್ಚಿನ ಗೆರೆಗಳು ಚೂಪಾಗಿ ಉಳಿದಿವೆಯೇ, ಇಲ್ಲ ಎಡಗಾಲಿನ ಹೆಬ್ಬೆರಳು ಬೀಳುವ ಮೂಲೆ ಸವೆದು ಕಬ್ಬಿಣ ಇಣುಕುತ್ತಿದೆಯೇ? ರಬ್ಬರು ಹೊಸದಾಗಿದ್ದು ಪೆಡಲಿನ ತೋಳು ಹಳತಾಗಿದ್ದರೆ ಯಾರೋ ಬದಲಾಯಿಸಿದ್ದಾರೆ ಎಂದೇ ಅರ್ಥ. ಆಮೇಲೆ ಸೀಟಿನ ಬಲಗಡೆಯ ಅಂಚು. ಹತ್ತುವಾಗ ಇಳಿಯುವಾಗ ತೊಡೆ ಉಜ್ಜುವ ಜಾಗವದು, ಮೊದಲು ಕುಸಿಯುವುದೂ ಅದೇ. ಸ್ಟೇರಿಂಗ್ ಚಕ್ರದಲ್ಲಿ ಕೈ ಹಿಡಿಯುವ ಕಡೆ ಬಂದ ಹೊಳಪು, ಕೀಲಿಯ ಹಲ್ಲುಗಳ ಸವೆತ, ಬಾಗಿಲು ಎತ್ತಿ ಅಲ್ಲಾಡಿಸಿದರೆ ಹಿಂಜ್‌ನಲ್ಲಿ ಸಿಗುವ ಸಡಿಲ, ಇವೆಲ್ಲ ಒಂದೇ ಮಾತು ಹೇಳಬೇಕು. ಒಂದು ಇಪ್ಪತ್ತು ಸಾವಿರ ಎನ್ನುತ್ತಿದ್ದು ಇನ್ನೊಂದು ಲಕ್ಷ ಎಂದರೆ ಲಕ್ಷವನ್ನೇ ನಂಬುವುದು ಈ ಕಸುಬಿನ ರೂಢಿ.

ಮುಂದಿನದು ಟೈರು. 2000ದಿಂದೀಚಿನ ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಒಂದು ಗುರುತಿರುತ್ತದೆ. 1409 ಎಂದಿದ್ದರೆ 2009ರ ಹದಿನಾಲ್ಕನೇ ವಾರದಲ್ಲಿ ತಯಾರಾದದ್ದು. ಇಪ್ಪತ್ತೆರಡು ಸಾವಿರ ಕಿಲೋಮೀಟರಿಗೆ ಟೈರು ಸವೆಯಬಾರದು, ನಿಜ. ಆದರೆ ನಿಂತಲ್ಲೇ ಬಿರುಕುಬಿಟ್ಟದ್ದಕ್ಕೆ ಬದಲಾಯಿಸಿದೆವು ಎಂದರೆ ಒಪ್ಪಬಹುದಾದ ಮಾತೇ. ಆಗ ಡಿಕ್ಕಿ ತೆಗೆಸಿ ಸ್ಟೆಪ್ನಿ ನೋಡಬೇಕು. ನೆಲ ಕಾಣದ ಮೂಲ ಸ್ಟೆಪ್ನಿ ಅಲ್ಲೇ ಕೂತಿದ್ದರೆ, ಪಕ್ಕದಲ್ಲಿ ಕಂಪನಿ ಕೊಟ್ಟ ಜಾಕು, ಸ್ಪ್ಯಾನರ್ ಚೀಲ ಇದ್ದರೆ, ಮನೆಯವರ ಮಾತಿಗೆ ತೂಕ ಬರುತ್ತದೆ.

ಬಣ್ಣದ ಪರೀಕ್ಷೆ ಬೇರೆಯದೇ ಬಗೆ. ಮೊಬೈಲಿನಷ್ಟು ಪುಟ್ಟ ಗೇಜನ್ನು ತಗಡಿಗೆ ಒತ್ತಿದರೆ ಬಣ್ಣದ ದಪ್ಪ ಮೈಕ್ರಾನ್‌ನಲ್ಲಿ ಕಾಣುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150ರ ಆಸುಪಾಸು. 250 ಬಂದರೆ ಮೇಲೊಂದು ಸಲ ಬಣ್ಣ ಬಿದ್ದಿದೆ. ಸಾವಿರದ ಹತ್ತಿರ ಹೋದರೆ ಒಳಗೆ ಪುಟ್ಟಿ, ಅದರಡಿ ಟಿಂಕರಿಂಗ್. ಗೇಜಿಲ್ಲದ ಕಾಲದಲ್ಲಿ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಮೈಯುದ್ದಕ್ಕೂ ಆಡಿಸುತ್ತಿದ್ದರು, ಪುಟ್ಟಿ ಇದ್ದ ಕಡೆ ಅದು ಜಾರಿಬಿಡುತ್ತಿತ್ತು. ಬೆಂಗಳೂರಿನದೇ ಆದ ಸಿಪಾನಿ ಡಾಲ್ಫಿನ್ ಮುಂದೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯಲ್ಲಿ 1980ರ ದಶಕದಲ್ಲಿ ಬಂದ ಎರಡು ಬಾಗಿಲಿನ ಆ ಪುಟ್ಟ ಕಾರಿನ ಮೈ ಪೂರ್ತಿ ಫೈಬರ್. ಅದಕ್ಕೂ ಮುಂಚೆ ಇದೇ ಕಂಪನಿ ಮೂರು ಚಕ್ರದ 'ಬಾದಲ್' ಎಂಬ ಕಾರನ್ನೂ ಮಾಡಿತ್ತು. ಫೈಬರ್ ಮೈಗೆ ತುಕ್ಕು ಹಿಡಿಯುವುದಿಲ್ಲ, ಅಡಿಯ ಚಾಸಿಗೆ ಹಿಡಿಯುತ್ತದೆ. ಹಾಗಾಗಿ ಡಾಲ್ಫಿನ್ ನೋಡುವವರು ಮೇಲಿನ ಹೊಳಪಿಗೆ ಮರುಳಾಗದೆ ನೆಲದಲ್ಲಿ ಮಲಗಿ ಟಾರ್ಚು ಬಿಡಬೇಕು.

ಕಡಿಮೆ ಓಡಿದ ಕಾರು ಎಂದರೆ ಗಟ್ಟಿಮುಟ್ಟಾದ ಕಾರು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದರಷ್ಟು ದುಬಾರಿಯಾದ ನಂಬಿಕೆ ಮತ್ತೊಂದಿಲ್ಲ. ನಿಂತ ಕಾರಿನಲ್ಲಿ ರಬ್ಬರ್ ಸೀಲುಗಳು ಒಣಗಿ ಎಣ್ಣೆ ಬಿಡುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವುದರಿಂದ ವೀಲ್ ಸಿಲಿಂಡರ್ ಒಳಗೇ ತುಕ್ಕು ಕಟ್ಟಿ ಜಾಮ್ ಆಗುತ್ತದೆ. ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಜೆಟ್ ಮುಚ್ಚುತ್ತದೆ, ಟ್ಯಾಂಕಿನ ತಳದಲ್ಲಿ ತುಕ್ಕಿನ ಪುಡಿ ಕೂರುತ್ತದೆ. ವೈರಿಂಗ್ ಇಲಿಯ ಪಾಲು. ಇದೆಲ್ಲ ಸರಿಮಾಡಿಸಿ ರಸ್ತೆಗಿಳಿಸಿದರೂ ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು, ಅದಕ್ಕೆಂದು ಮಾಡಿರದ ಹಳೆಯ ರಬ್ಬರ್ ಪೈಪುಗಳು ಬಹುಕಾಲ ತಾಳುವುದಿಲ್ಲ. ತಿಂಗಳಿಗೊಮ್ಮೆ ಹೊರತೆಗೆದು ಸದಾಶಿವನಗರದವರೆಗೆ ಸುತ್ತಾಡಿಸಿದ 60,000 ಕಿ.ಮೀ. ಕಾರು, ಹದಿನೈದು ವರ್ಷ ಅಲ್ಲಾಡದೆ ನಿಂತ 22,000ದ ಕಾರಿಗಿಂತ ಕೊಳ್ಳುವವನಿಗೆ ಅಗ್ಗವಾಗಿ ಬೀಳುವುದು ಹೀಗೆ.

ಹಾಗಿದ್ದೂ ಜಗತ್ತು ಓಡದ ಕಾರಿಗೆ ಹಣ ಸುರಿಯುತ್ತದೆ. ಅಮೆರಿಕದ ನೆಬ್ರಾಸ್ಕಾದ ಪಿಯರ್ಸ್ ಎಂಬ ಸಣ್ಣ ಊರಿನಲ್ಲಿ ಲ್ಯಾಂಬ್ರೆಕ್ಟ್ ಎಂಬ ಶೆವ್ರೊಲೆ ಡೀಲರ್ ಮಾರಾಟವಾಗದ ಹೊಸ ಕಾರುಗಳನ್ನೂ ವಿನಿಮಯಕ್ಕೆ ಬಂದ ಹಳೆಯವನ್ನೂ ದಶಕಗಟ್ಟಲೆ ಹಾಗೇ ಇಟ್ಟುಕೊಂಡಿದ್ದರು. 2013ರ ಸೆಪ್ಟೆಂಬರಿನಲ್ಲಿ ಅವರ ಸುಮಾರು 500 ವಾಹನಗಳು ಹರಾಜಿಗೆ ಬಂದಾಗ ಪುಟ್ಟ ಊರಿನಲ್ಲಿ ಜಾತ್ರೆಯೇ ನೆರೆಯಿತು. ಬರೀ 1.3 ಮೈಲಿ ಓಡಿದ 1958ರ ಕ್ಯಾಮಿಯೊ ಪಿಕಪ್ ಗಾಡಿ 1,40,000 ಡಾಲರಿಗೆ ಹೋಯಿತು. ಅದೇ ಡೀಲರ್ ಹೊಲದಲ್ಲಿ ಮಳೆ, ಹಿಮಕ್ಕೆ ಬಿಟ್ಟ ಕಾರುಗಳೂ ಅಲ್ಲಿದ್ದವು, ತುಕ್ಕು ತಿಂದ ಅವುಗಳ ಕಡೆ ಸವಾಲು ಏರಲಿಲ್ಲ. ಮೇಲೆ ಸೂರಿತ್ತೇ ಎಂಬ ಪ್ರಶ್ನೆಗೆ ಇಷ್ಟು ಬೆಲೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಪ್ರದರ್ಶನದಲ್ಲೂ ಈಗ ಹೊಸದರಂತೆ ತಿದ್ದಿದ ಕಾರುಗಳಿಂದ ಬೇರ್ಪಡಿಸಿ, ತಿದ್ದದೆ ಉಳಿಸಿಕೊಂಡ ಕಾರುಗಳಿಗೇ ಒಂದು ವಿಭಾಗವಿದೆ.

ನಮ್ಮ ಕಾನೂನೂ ಮೂಲ ರೂಪದ ಪರವಾಗಿಯೇ ಇದೆ. 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಖಾಸಗಿ ವಾಹನ 'ವಿಂಟೇಜ್'. ಅದಕ್ಕೆ 'ವಿಎ' ಅಕ್ಷರಗಳ ಪ್ರತ್ಯೇಕ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಹಾಕಿಸುವಂಥ ಕೆಲಸಕ್ಕಷ್ಟೇ ರಸ್ತೆಗೆ ತರಬಹುದು, ದಿನಬಳಕೆಗೆ ಅಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ಕ್ಕೆ ಈ ಗೌರವ ಸಿಗಲು ಇನ್ನೂ ಕೆಲವು ವರ್ಷ ಕಾಯಬೇಕು. ಅಲ್ಲಿಯವರೆಗೆ ಹದಿನೈದು ವರ್ಷದ ಬಳಿಕ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವ ಸಾಮಾನ್ಯ ದಾರಿಯೇ.

ಹಾಗಾಗಿ ಬೆಲೆ ಕಟ್ಟುವವರು ಕಾರಿನಷ್ಟೇ ಹೊತ್ತು ಕಾಗದಗಳ ಮುಂದೆ ಕೂರುತ್ತಾರೆ. ಆರ್‌ಸಿಯಲ್ಲಿರುವ ಚಾಸಿ, ಎಂಜಿನ್ ಸಂಖ್ಯೆ ಲೋಹದ ಮೇಲಿನದಕ್ಕೆ ಹೊಂದಬೇಕು. ಸರ್ವಿಸ್ ಪುಸ್ತಕದಲ್ಲಿ ದಿನಾಂಕದ ಎದುರು ಕಿಲೋಮೀಟರ್ ಬರೆದಿದ್ದರೆ ಅದು ಮೀಟರಿಗಿಂತ ದೊಡ್ಡ ಸಾಕ್ಷಿ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31 ಹಾಕಿ ಹೆಸರು ಬದಲಿಸಿಕೊಳ್ಳಬೇಕು. ಸಾರ್ವಜನಿಕ ಹರಾಜಿನಲ್ಲಿ ಕೊಂಡವರಿಗೆ ಫಾರಂ 32. ಸರ್ಕಾರಿ ಇಲಾಖೆಯದೋ ಬ್ಯಾಂಕಿನದೋ ಹರಾಜಾದರೆ 'ಇದ್ದಲ್ಲಿ, ಇದ್ದಂತೆ' ಎಂಬ ಷರತ್ತು ಮೊದಲ ಪುಟದಲ್ಲೇ ಇರುತ್ತದೆ. ಸುತ್ತಿಗೆ ಬಿದ್ದ ಮೇಲೆ ದೂರು ಕೇಳುವವರಿಲ್ಲ. ಖಾಸಗಿ ಹರಾಜಿನಲ್ಲಿ ಗೆದ್ದ ಬೆಲೆಯ ಮೇಲೆ ಸಂಸ್ಥೆಯ ಕಮಿಷನ್ನು, ತೆರಿಗೆ ಬೇರೆ ಬೀಳುತ್ತವೆ. ಕೂಗುವ ಮುಂಚೆ ಆ ಲೆಕ್ಕ ತಲೆಯಲ್ಲಿರಬೇಕು.

ಅಂಬಾಸಿಡರ್ 2014ರವರೆಗೂ ತಯಾರಾಗುತ್ತಿತ್ತು. ಅದರ ಬಿಡಿಭಾಗಗಳನ್ನು ಜೆ.ಸಿ. ರಸ್ತೆಯಲ್ಲೂ ಶಿವಾಜಿನಗರದ ಗುಜರಿಯಲ್ಲೂ ಹುಡುಕಬಹುದು. ಡಾಲ್ಫಿನ್‌ಗೆ ಒಂದು ಹೆಡ್‌ಲೈಟ್ ರಿಂಗ್ ಬೇಕೆಂದರೂ ಇನ್ನೊಂದು ಡಾಲ್ಫಿನ್ ಸಿಗಬೇಕು. ಅದಕ್ಕೇ ಅಪರೂಪದ ಕಾರಿನಲ್ಲಿ ಕಿಲೋಮೀಟರಿಗಿಂತ 'ಏನೂ ಕಳೆದಿಲ್ಲ' ಎಂಬುದಕ್ಕೇ ಹೆಚ್ಚು ಬೆಲೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಮನೆಯ ಶೆಡ್ಡಿನಲ್ಲೂ ಅಂಥದೊಂದು ಕಾರಿದ್ದರೆ, ಮಾರುವ ಮುಂಚೆ ಬಣ್ಣ ಹೊಡೆಸಬೇಡಿ. ಪ್ರೆಷರ್ ಪೈಪು ಹಿಡಿದು ತೊಳೆಸಬೇಡಿ. ಬ್ಯಾಟರಿ ತಂದು ಹಾಕಿ ಹಳೆಯ ಪೆಟ್ರೋಲಿನಲ್ಲೇ ಸ್ಟಾರ್ಟ್ ಮಾಡಲೂ ಹೋಗಬೇಡಿ. ಮೊದಲು ಬೀರುವಿನಲ್ಲಿರುವ ಆರ್‌ಸಿ, ಹಳೆಯ ವಿಮೆ ಪತ್ರ, ಸರ್ವಿಸ್ ಬಿಲ್ಲು, ಎರಡನೇ ಕೀಲಿ ಹುಡುಕಿ ಒಂದು ಕವರಿಗೆ ಹಾಕಿಡಿ. ಆಮೇಲೆ ಕೊಳ್ಳುವವರಲ್ಲದ ಯಾರಿಗಾದರೂ ಕಾರು ತೋರಿಸಿ ಬೆಲೆ ಕೇಳಿ.